ಮೂರು ಕೆಂಪು ಚುಕ್ಕೆ

ಕೆಂಪು ಅಂದರೆ ಕೆಂಪು ಎಂದು ನಂಬಿಕೊಂಡು ನಲವತ್ತೇಳು ವರ್ಷ ನಿಶ್ಚಿಂತೆಯಿಂದ ಬದುಕಿದ್ದ ಯೂನುಸ್, ಶುಕ್ರವಾರ ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ನ್ಯೂಯಾರ್ಕಿಗೆ ಹತ್ತಿರದ ಮೆಟುಚೆನ್ನಿನ ಔಷಧಿ ಅಂಗಡಿಯೊಂದರಲ್ಲಿ ಉಗುರುಬಣ್ಣದ ಕಪಾಟಿನ ಮುಂದೆ ನಿಂತು ಕಂಗಾಲಾಗಿದ್ದ. ಅಲ್ಲಿ ಮೂವತ್ತೊಂದು ಬಗೆಯ ಕೆಂಪು ಇತ್ತು. ಒಂದೊಂದು ಬಾಟಲಿಗೂ ಒಂದೊಂದು ಹೆಸರು, ಹಣ್ಣಿನದು, ಹೂವಿನದು, ಯಾವುದೋ ಊರಿನ ಸಂಜೆಯದು. ಅವನು ಎಡಗೈಯಲ್ಲಿ ಫೋನು ಹಿಡಿದು, ಅದರಲ್ಲಿದ್ದ ಫೋಟೋವನ್ನು ಒಂದೊಂದೇ ಬಾಟಲಿಯ ಪಕ್ಕಕ್ಕೆ ತಂದು ಹೋಲಿಸುತ್ತಿದ್ದ. ಫೋಟೋದಲ್ಲಿ ಗ್ರೀಸು ಮೆತ್ತಿದ ಉಕ್ಕು, ಉಕ್ಕಿನ ಮೇಲೆ ಮೂರು ಕೆಂಪು ಚುಕ್ಕೆ. ಸಮರ್‌ಸೆಟ್ಟಿನ ಅವನ ಮನೆಯ ಹತ್ತಿರವೇ ಇಂಥದೊಂದು ಅಂಗಡಿ ಇತ್ತು. ಆದರೆ ಅಲ್ಲಿ ಹಾಲಿಗೆ ಬಂದವರೋ ಕೆಮ್ಮಿನ ಔಷಧಿಗೆ ಬಂದವರೋ ಯಾರಾದರೊಬ್ಬರು ‘ಏನ್ ಯೂನುಸ್ ಅವ್ರೇ’ ಅನ್ನದೆ ಬಿಡುತ್ತಿರಲಿಲ್ಲ. ಆದ್ದರಿಂದ ಜುಮಾ ನಮಾಜು ಮುಗಿಸಿ, ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕೆಂದು ಆಫೀಸಿಗೆ ಮೆಸೇಜು ಹಾಕಿ ಇಷ್ಟು ದೂರ ಬಂದಿದ್ದ. ಇಮಾಮರು ಇವತ್ತು ಸುಳ್ಳಿನ ಬಗ್ಗೆ ಮಾತಾಡಿಯಾರೆಂದು ಹೆದರಿದ್ದ. ಅವರು ಅಕ್ಕಪಕ್ಕದ ಮನೆಗಳ ಡ್ರೈವ್‌ವೇಗೆ ಅಡ್ಡವಾಗಿ ಕಾರು ನಿಲ್ಲಿಸುವವರ ಬಗ್ಗೆ ಮಾತಾಡಿದರು. ಆ ಒಂದು ವಿಷಯದಲ್ಲಿ ಅವನು ನಿರ್ದೋಷಿಯಾಗಿದ್ದ.

“ಫಾರ್ ಯುವರ್ ವೈಫ್?” ಎಂದಳು ಅಂಗಡಿಯ ಹುಡುಗಿ, ಪಕ್ಕದಲ್ಲಿ ಬಂದು ನಿಂತು. ಹೌದೆಂದ. ಹಲ್ಲಿನ ಡಾಕ್ಟರನ್ನು ಸೇರಿಸಿ ಇವತ್ತಿನ ಎರಡನೆಯ ಸುಳ್ಳು. ನಿಮ್ಮ ಹೆಂಡತಿಯ ಮೈಬಣ್ಣ ಯಾವುದೆಂದು ಅವಳು ಕೇಳಿದಳು. ಯೂನುಸ್ ಪ್ರಾಮಾಣಿಕವಾಗಿ ಯೋಚಿಸಿದ, ಆದರೆ ಕಣ್ಣ ಮುಂದೆ ಬಂದದ್ದು ಮಸರತ್ ಅಲ್ಲ, ಫೋಟೋದಲ್ಲಿದ್ದ ಕ್ಲಚ್ಚು. “ಗ್ರೇ” ಎಂದುಬಿಟ್ಟ. ಹುಡುಗಿಯ ಮುಖದಲ್ಲಿ ಕನಿಕರ ಮೂಡಿತು. ಬೂದುಬಣ್ಣಕ್ಕೆ ತಿರುಗಿದ ಹೆಂಡತಿಗೆ ಕೊನೆಗಾಲದಲ್ಲಾದರೂ ಉಗುರಿಗೆ ಬಣ್ಣ ಹಚ್ಚಬೇಕೆಂದಿರುವ ಗಂಡನನ್ನು ಅವಳು ಮೆಲ್ಲಗೆ ಭುಜ ಮುಟ್ಟಿ ಸಮಾಧಾನಪಡಿಸಿ, ತಾನೇ ಒಂದು ಬಾಟಲಿ ಆರಿಸಿ ಕೊಟ್ಟಳು. ಅದು ಫೋಟೋದಲ್ಲಿದ್ದ ಕೆಂಪಿಗಿಂತ ಒಂದು ಚೂರು ಗಾಢವಾಗಿದೆ ಎಂದು ಅವನಿಗೆ ಅನಿಸಿತು. ಹಾಗೆಂದು ಹೇಳಲು ಬಾಯಿ ಬರಲಿಲ್ಲ. ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನುವುದು ಹೇಗೆ? ಥ್ಯಾಂಕ್ಯೂ ಎಂದು ಎರಡು ಸಲ ಹೇಳಿ, ಅದನ್ನು ಕೊಂಡು ಹೊರಗೆ ಬಂದ.

ಬೇಡ ಅನ್ನುವುದು ಹೇಗೆ ಎಂಬುದೇ ಅವನ ಬದುಕಿನ ದೊಡ್ಡ ಸಮಸ್ಯೆಯಾಗಿತ್ತು. ಗುರುವಾರ ಸಂಜೆ ಅವನ ಮನೆಯ ಗ್ಯಾರೇಜಿನಲ್ಲಿ ನಡೆದದ್ದೂ ಅದೇ. ಅಲ್ಲಿ ನಿಂತಿದ್ದ ಅವನ ಸ್ನೋಮೊಬೈಲು, ಅಂದರೆ ಹಿಮದ ಮೇಲೆ ಓಡುವ ಗಾಡಿ, ಮೌಂಟನ್ ಮಾಡೆಲ್ಲು, ಕತ್ತಿನುದ್ದ ಹಿಮದಲ್ಲಿ ಬೆಟ್ಟ ಹತ್ತುವುದಕ್ಕೆಂದೇ ಮಾಡಿದ್ದು. ಅದರ ಹಿಂದಿನ ಒಡೆಯ ಪಶ್ಚಿಮದ ಒಂಬತ್ತು ಸಾವಿರ ಅಡಿ ಎತ್ತರದ ಊರಲ್ಲಿದ್ದು, ಅದರ ಸೈಲೆನ್ಸರನ್ನೂ ಎಂಜಿನ್ನಿನ ತಲೆಯನ್ನೂ ಬದಲಿಸಿ ಇನ್ನಷ್ಟು ಉಗ್ರ ಮಾಡಿದ್ದ. ಯೂನುಸ್ ಇದ್ದ ಕಡೆ ಎಲ್ಲಕ್ಕಿಂತ ಎತ್ತರದ ಜಾಗವೆಂದರೆ ಹೈವೇಯ ಮೇಲ್ಸೇತುವೆ. ಎರಡು ಚಳಿಗಾಲದಲ್ಲಿ ಒಟ್ಟು ಮೂರು ಸಲ ಹಿಮ ಬಿದ್ದಿತ್ತು, ಅದನ್ನು ಸಾಗಿಸುವ ಟ್ರೇಲರು ಡ್ರೈವ್‌ವೇಯಲ್ಲಿ ನಿಂತಿದೆಯೆಂದು ಕಾಲೊನಿಯ ಅಸೋಸಿಯೇಷನ್ನಿನಿಂದ ನಾಲ್ಕು ನೋಟಿಸು ಬಂದಿತ್ತು. ಇದನ್ನು ಯಾಕೆ ಕೊಂಡಿರಿ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಡುತ್ತಿದ್ದ. ನಿಜವನ್ನು ಯಾರಿಗೂ ಹೇಳಿರಲಿಲ್ಲ. ಮಗಳು ಆಫ್ರೀನ್‌ಗೆ ಹದಿನಾರು ತುಂಬಿದ ಮೇಲೆ ಅವಳು ಇವನ ಜೊತೆ ಆಡುತ್ತಿದ್ದ ಮಾತು ‘ಫೈನ್’ ಮತ್ತು ‘ವಾಟ್‌ಎವರ್’ ಎಂಬ ಎರಡಕ್ಕೆ ಇಳಿದಿತ್ತು. ಒಮ್ಮೆ ನ್ಯೂಯಾರ್ಕಿನ ಉತ್ತರಕ್ಕೆ ಹೋದಾಗ ಬಾಡಿಗೆಯ ಸ್ನೋಮೊಬೈಲಿನ ಮೇಲೆ ಕೂತು ಹಿಮ ಚಿಮ್ಮಿಸಿಕೊಂಡು ಬಂದವಳು ಹೆಲ್ಮೆಟ್ಟು ಕಿತ್ತೆಸೆದು “ಅಬ್ಬಾ, ಡಿಡ್ ಯು ಸೀ ದ್ಯಾಟ್!” ಎಂದು ಅಪ್ಪನನ್ನು ಕರೆದು ಕೂಗಿದ್ದಳು. ಆ ಕೂಗನ್ನು ಇನ್ನೊಂದು ಸಲ ಕೇಳಬೇಕೆಂದು ಅವನು ಇದನ್ನು ಕೊಂಡಿದ್ದ. ಈಗ ಅವಳಿಗೆ ಹದಿನೆಂಟು. ಅವರ ಕನ್ನಡಿಗರ ಬಳಗದಲ್ಲಿ ಇದನ್ನು ನಿಜವಾಗಿ ಓಡಿಸಬಲ್ಲವಳು ಅವಳೊಬ್ಬಳೇ. ಭಾನುವಾರ ಎಲ್ಲರೂ ಉತ್ತರದ ಹಿಮಕ್ಕೆ ಹೋದಾಗ ಇದರ ಮೇಲೆ ಕೂರುವವಳೂ ಅವಳೇ.

ಕಷ್ಟ ಇದ್ದದ್ದು ಕ್ಲಚ್ಚಿನಲ್ಲಿ. ಈ ಯಂತ್ರಕ್ಕೆ ಗೇರಿಲ್ಲ. ಎಂಜಿನ್ನು ತಿರುಗುತ್ತ ಹೋದಂತೆ ಕ್ಲಚ್ಚಿನೊಳಗಿನ ಮೂರು ಪುಟ್ಟ ತೋಳುಗಳು ಹೊರಕ್ಕೆ ಬೀಸಿ, ತಮ್ಮ ತೂಕದಿಂದ ಎರಡು ತಟ್ಟೆಗಳನ್ನು ಒತ್ತಿ, ನಡುವಿನ ಬೆಲ್ಟನ್ನು ಹಿಂಡುತ್ತವೆ. ಬೆಟ್ಟದ ಮೇಲಿನ ತೆಳು ಗಾಳಿಯಲ್ಲಿ ಎಂಜಿನ್ನಿಗೆ ಶಕ್ತಿ ಕಡಿಮೆ, ಹಗುರ ತೋಳು ಸಾಕು. ಕೆಳಗೆ ಗಾಳಿ ದಟ್ಟ, ಶಕ್ತಿ ಜಾಸ್ತಿ, ತೋಳು ಹಗುರವಾದರೆ ಎಂಜಿನ್ನು ಸುಮ್ಮನೆ ಅರಚಿಕೊಳ್ಳುತ್ತದೆ. ನಿಮಿಷಕ್ಕೆ ಎಂಟು ಸಾವಿರದ ಇನ್ನೂರು ಸುತ್ತಿನಲ್ಲಿ ನಿಲ್ಲಬೇಕಾದದ್ದು ಎಂಟು ಸಾವಿರದ ಎಂಟುನೂರಕ್ಕೆ ಹೋಗಿ ಕಿರುಚುತ್ತಿತ್ತು. ತೋಳುಗಳ ತೂತಿಗೆ ಕೆಲವೇ ಗ್ರಾಮಿನ ಸ್ಕ್ರೂ ಕೂರಿಸಿ ತೂಕ ಹೆಚ್ಚಿಸಿದರೆ ಆಯಿತು. ಎಷ್ಟೇ ಕೂರಿಸಲಿ, ಮೂರು ತೋಳಿಗೂ ಒಂದೇ ತೂಕ ಇರಬೇಕು. ಇಲ್ಲದಿದ್ದರೆ ಆ ವೇಗದಲ್ಲಿ ಇಡೀ ಕ್ಲಚ್ಚು ಒಂದು ಕಡೆಗೆ ಎಳೆದು, ನಡುಗಿ, ಒಂದು ದಿನ ಸಿಡಿಯುತ್ತದೆ. ಅದು ಇರುವುದು ಎಡಗಡೆ, ಸವಾರನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿ.

ಗುರುವಾರ ಗ್ಯಾರೇಜಿಗೆ ಮೂವರು ಬಂದಿದ್ದರು. ಫ್ಲೋರಲ್ ಪಾರ್ಕ್ ಎಂಬ ಊರಿನಲ್ಲಿ ಮೊಬೈಲಿನ ಅಂಗಡಿ ಇಟ್ಟಿದ್ದ ಅಜೀಮ್ ಭಾಯ್, ಯೂನುಸನನ್ನು ನೋಡಿ ತಾನೂ ಇಂಥದೇ ಒಂದು ಹಳೆಯ ಗಾಡಿ ಕೊಂಡಿದ್ದ ರಾಮ್, ಮತ್ತು ಪಂಚಾಕ್ಷರಿ. ಪಂಚಾಕ್ಷರಿಯವರಿಗೆ ಎಪ್ಪತ್ತೊಂದು. ಗದಗದ ಕಡೆಯವರು. ಮೂವತ್ತು ವರ್ಷ ಗೇರು ತಯಾರಿಸುವ ಕಂಪನಿಯೊಂದರಲ್ಲಿದ್ದು ನಿವೃತ್ತರಾಗಿ, ಬಳಗಕ್ಕೆಲ್ಲ ‘ಗೇರ್ ಪಂಚಾಕ್ಷರಿ’ಯಾಗಿದ್ದರು. ಯಾರ ಮನೆಯ ಡಿಶ್‌ವಾಶರು ಕೆಟ್ಟರೂ ಅವರಿಗೆ ಫೋನು ಹೋಗುತ್ತಿತ್ತು. ಅವರಿದ್ದದ್ದು ಕಂಪನಿಯ ಖರೀದಿ ವಿಭಾಗದಲ್ಲಿ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಅದನ್ನು ಆಡಿರಲಿಲ್ಲ. ಆಡದೆ ಇರುವುದು ಬಳಗದ ಮರ್ಯಾದೆಯಾಗಿತ್ತು, ಆ ಮರ್ಯಾದೆಯಿಂದ ಎಷ್ಟೋ ಡಿಶ್‌ವಾಶರುಗಳು ಪ್ರಾಣ ಬಿಟ್ಟಿದ್ದವು. ಅವತ್ತು ಅವರು ಪ್ರತಿ ತೋಳಿಗೂ ನಾಲ್ಕು ಗ್ರಾಂ ಹಾಕಬೇಕೆಂದರು. ರಾಮ್ ಫೋನು ತೆಗೆದು, “ಸರ್, ಆನ್‌ಲೈನ್ ಫೋರಮ್‌ನಲ್ಲಿ ಮೂರು ಅಂತಾವ್ರೆ” ಎಂದ. ಅಜೀಮ್ ಭಾಯ್, “ಎರಡು ಹಾಕಿ ನೋಡಿ ಸಾಹೇಬ್ರೇ, ಸಾಲ್ದೇ ಹೋದ್ರೆ ಆಮೇಲೆ ಸೇರ್ಸ್‌ಬೋದಲ್ಲ” ಎಂದರು. ವಾದ ಬೆಳೆಯಿತು, ಸಮೋಸ ಆರಿತು. ಕೊನೆಗೆ ಪಂಚಾಕ್ಷರಿ, ಇಪ್ಪತ್ತು ವರ್ಷ ಕನ್ನಡ ಸಂಘದ ಕಾರ್ಯಕಾರಿ ಸಮಿತಿ ನಡೆಸಿದ ಅನುಭವದಿಂದ, ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. “ಯಾರ ಮನಸೂ ನೋಯೂದು ಬ್ಯಾಡ. ಮೂರು ತೋಳು ಅದಾವು, ಮೂರು ಮಂದಿ ಅದೀವಿ. ಒಂದಕ್ಕ ನಾಕು, ಒಂದಕ್ಕ ಮೂರು, ಒಂದಕ್ಕ ಎರಡು. ಒಟ್ಟ ಒಂಬತ್ತು. ಸರಾಸರಿ ತಗೀರಿ, ಮೂರು ಬರತೈತಿ. ಎಂಜಿನ್ನಿಗೆ ಬೇಕಾದದ್ದು ಒಟ್ಟು ತೂಕ. ಏನಂತಿ, ಯೂನುಸ್?”

“ಹೌದು ಸರ್” ಎಂದಿದ್ದ ಯೂನುಸ್. ಮೂವರೂ ಸರದಿಯಲ್ಲಿ ಬಗ್ಗಿ, ಶಂಕುಸ್ಥಾಪನೆಗೆ ಬಂದ ಗಣ್ಯರಂತೆ, ತಂತಮ್ಮ ಸ್ಕ್ರೂವನ್ನು ತಾವೇ ತಿರುಗಿಸಿದರು. ಯೂನುಸ್ ಟಾರ್ಚು ಹಿಡಿದ. ಪಂಚಾಕ್ಷರಿ ಕೋಟಿನ ಜೇಬಿನಿಂದ ಹೆಂಡತಿ ರಾಜಿಯವರ ಉಗುರುಬಣ್ಣದ ಬಾಟಲಿ ತೆಗೆದು ಮೂರೂ ಸ್ಕ್ರೂವಿನ ತಲೆಗೆ ಒಂದೊಂದು ಚುಕ್ಕೆ ಇಟ್ಟರು. ಸ್ಕ್ರೂ ಸಡಿಲವಾಗದ ಹಾಗೆ ಇದು ಅಂಟಿನ ಹಾಗೆ ಹಿಡಿಯುತ್ತದಂತೆ, ಯಾರಾದರೂ ಕೈ ಹಾಕಿದರೆ ಬಣ್ಣ ಒಡೆದು ತಕ್ಷಣ ಗೊತ್ತಾಗುತ್ತದಂತೆ. ಅವರು ಹೊರಟುಹೋದ ಮೇಲೆ ಆಫ್ರೀನ್ ಗ್ಯಾರೇಜಿಗೆ ಬಂದು, ಮೇಜಿನ ಮೇಲಿದ್ದ ಸ್ಕ್ರೂಗಳ ಖಾಲಿ ಪೊಟ್ಟಣಗಳನ್ನು ನೋಡಿ, ಕ್ಲಚ್ಚು ನೋಡಿ, ಅಪ್ಪನನ್ನು ನೋಡಿದಳು. “ಅಬ್ಬಾ, ದ್ಯಾಟ್ಸ್ ನಾಟ್ ಹೌ ಆವರೇಜಸ್ ವರ್ಕ್.” ಗೊತ್ತೆಂದ. ಗೊತ್ತಿದ್ದರೆ ಯಾಕೆ ಸುಮ್ಮನಿದ್ದಿರಿ ಎಂದು ಅವಳು ಕೇಳಲಿಲ್ಲ, ಬಹುಶಃ ಅದು ಅವಳಿಗೂ ಗೊತ್ತಿತ್ತು. “ನೀವು ಪಂಚಾಕ್ಷರಿ ಅಂಕಲ್‌ಗೆ ಹೇಳ್ಬೇಕು. ನಾಟ್ ಜಸ್ಟ್ ಫಿಕ್ಸ್ ಇಟ್. ಟೆಲ್ ಹಿಮ್. ಪ್ರಾಮಿಸ್?” ಎಂದಳು, ಅಪರೂಪಕ್ಕೆ ಅರ್ಧ ಕನ್ನಡದಲ್ಲಿ. ಆ ಅರ್ಧ ಕನ್ನಡಕ್ಕೇ ಅವನು ಕರಗಿ ಪ್ರಾಮಿಸ್ ಎಂದ. ಅಷ್ಟು ಉದ್ದದ ಮಾತು ಅವಳ ಬಾಯಿಂದ ಬಂದು ತಿಂಗಳುಗಳಾಗಿದ್ದವು.

ಫೋನು ಕೈಗೆತ್ತಿಕೊಂಡಿದ್ದ ಕೂಡ. ‘ಸರ್, ಒಂದು ಸಣ್ಣ ವಿಷಯ’ ಎಂದು ಶುರು ಮಾಡುವುದೋ, ‘ಸರ್, ನೀವು ಹೇಳಿದ್ದೇ ಸರಿ, ಆದರೆ’ ಎನ್ನುವುದೋ? ಹದಿನೇಳು ವರ್ಷದ ಹಿಂದೆ, ಮೊದಲ ಚಳಿಗಾಲದಲ್ಲಿ, ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು, “ಜಾರಾಕ ಹತ್ತಿದ್ರ ಬ್ರೇಕ್ ಒತ್ತಬ್ಯಾಡ ತಮ್ಮಾ, ಜಾರೂ ಕಡೀಗೇ ತಿರುಗಿಸು” ಎಂದು ಹಿಮದಲ್ಲಿ ಕಾರು ಓಡಿಸಲು ಕಲಿಸಿದವರು ಇವರೇ. ಆ ದಿನ ಕಾರಿನ ಬಂಪರು ಒಂದು ದೀಪದ ಕಂಬಕ್ಕೆ ತಗುಲಿತ್ತು. ಆ ಕಾರು ಅವರದು. ಅವರು ಅದನ್ನು ಇವತ್ತಿನವರೆಗೆ ಯಾರ ಮುಂದೆಯೂ ಆಡಿಲ್ಲ. ಅಂಥವರಿಗೆ ನಿಮಗೆ ತೂಕ ಗೊತ್ತಿಲ್ಲ ಎನ್ನುವುದು ಹೇಗೆ? ಫೋನು ಕೆಳಗಿಟ್ಟ. ತಮಾಷೆಯೆಂದರೆ ಯೂನುಸನಿಗೆ ಸಂಬಳ ಬರುತ್ತಿದ್ದದ್ದೇ ತಪ್ಪು ಎತ್ತಿ ತೋರಿಸುವುದಕ್ಕೆ. ಔಷಧಿ ಕಂಪನಿಯ ಗುಣಮಟ್ಟದ ಇಲಾಖೆಯಲ್ಲಿ ಕೂತು, ಯಾವ ತಕ್ಕಡಿ ಎಷ್ಟು ತಪ್ಪು ತೋರಿಸಿತು, ಯಾರು ಸಹಿ ಮರೆತರು ಎಂದು ವರದಿ ಬರೆಯುತ್ತಿದ್ದ. ಕಾಗದದ ಮೇಲೆ ಅವನಷ್ಟು ನಿಷ್ಠುರ ಯಾರೂ ಇಲ್ಲ. ಹೋದ ತಿಂಗಳಷ್ಟೇ ಒಬ್ಬ ಕೆಲಸಗಾರ ತಪ್ಪಾದ ತೂಕವನ್ನು ಯಾರಿಗೂ ಹೇಳದೆ ಸರಿಮಾಡಿಬಿಟ್ಟಿದ್ದಕ್ಕೆ ಮೂರು ಪುಟದ ವರದಿ ಬರೆದಿದ್ದ. ತಪ್ಪಿಗಿಂತ ದಾಖಲೆಯಿಲ್ಲದ ತಿದ್ದುಪಡಿ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ತಪ್ಪನ್ನೇ ಸರಿಯೆಂದು ನಂಬಿಸುತ್ತದೆ ಎಂಬುದು ಆ ವರದಿಯ ಕೊನೆಯ ಸಾಲು. ಮ್ಯಾನೇಜರು ಅದನ್ನು ಮೆಚ್ಚಿ ಎಲ್ಲರಿಗೂ ಕಳಿಸಿದ್ದರು.

ಈಗ ಅವನು ಮಾಡಹೊರಟಿದ್ದು ಅದನ್ನೇ. ಆದರೆ ಶುಕ್ರವಾರ ಅಂಗಡಿಯಿಂದ ಮನೆಗೆ ಬಂದು ಜಾಕೆಟ್ಟು ಕುರ್ಚಿಗೆ ಹಾಕಿ ಕೈ ತೊಳೆಯಲು ಹೋದದ್ದು ತಪ್ಪಾಯಿತು. ಮಸರತ್ ಜಾಕೆಟ್ಟನ್ನು ಗೂಟಕ್ಕೆ ತೂಗುಹಾಕಲು ಎತ್ತಿಕೊಂಡಳು, ಜೇಬಿನಿಂದ ಬಾಟಲಿ ಜಾರಿ ನೆಲಕ್ಕೆ ಬಿತ್ತು, ಒಡೆಯಲಿಲ್ಲ. ಆ ಮನೆಯಲ್ಲಿ ಉಗುರುಬಣ್ಣವೆಂಬುದೇ ಇರಲಿಲ್ಲ. ಹಚ್ಚಿದರೆ ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವಜೂವಿನ ನೀರು ಉಗುರಿಗೆ ತಾಗುವುದಿಲ್ಲವೆಂದು ಮಸರತ್ ಮದುವೆಯ ದಿನವೂ ಹಚ್ಚಿರಲಿಲ್ಲ. ಗಂಡ ಹೆಂಡತಿ ಮಾಮೂಲಾಗಿ ಉರ್ದುವಿನಲ್ಲಿ ಮಾತಾಡುತ್ತಿದ್ದರು. ಆದರೆ ಹಾಸನದ ಸರ್ಕಾರಿ ಶಾಲೆಯಲ್ಲಿ ಓದಿದ ಮಸರತ್‌ಗೆ ಸಿಟ್ಟು ಬಂದರೆ ಕನ್ನಡವೇ ಬರುತ್ತಿತ್ತು.

“ಇದು ಯಾರಿಗೆ?” ಎಂದಳು.

“ಕ್ಲಚ್ಚಿಗೆ.”

“ಯಾರಿಗೆ?”

ಅವನು ಎಲ್ಲವನ್ನೂ ಹೇಳಿದ. ನಾಲ್ಕು, ಮೂರು, ಎರಡು, ಚುಕ್ಕೆ, ಬಿಚ್ಚಿದರೆ ಬಣ್ಣ ಒಡೆಯುವುದು, ಮತ್ತೆ ಹಚ್ಚಬೇಕಾದ್ದು. ಮಸರತ್ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. “ಒಂದ್ ನಿಮಿಷ ಬೇರೆ ಹೆಂಗಸು ಅಂದ್ಕೊಂಡೆ. ಆಮೇಲೆ, ಛೆ, ಇವ್ರಿಗೆ ಅಷ್ಟು ಧೈರ್ಯ ಎಲ್ಲಿಂದ ಬರ್ಬೇಕು ಅನ್ನಿಸ್ತು” ಎಂದಳು. ಅವನಿಗೆ ಅವಮಾನವಾಯಿತು. ಅನುಮಾನಕ್ಕೆ ಗುರಿಯಾಗುವಷ್ಟೂ ಅರ್ಹತೆ ತನಗಿಲ್ಲವೆ? “ಒಂದು ಫೋನ್ ಮಾಡಿ ರೀ. ಸರ್, ಮೂರೂ ಸಮ ಇರ್ಬೇಕಂತೆ ಅಂತ. ಮುಗೀತು. ಮಗಳು ಕೂರೋ ಗಾಡಿ ಅದು.” ಗಾಡಿ ಸರಿಯಾದರೆ ಸಾಕಲ್ಲ ಎಂದ ಅವನು. ಹಿರಿಯರು, ಬೇಜಾರು ಮಾಡಿಕೊಳ್ಳುತ್ತಾರೆ ಎಂದ. ಮಸರತ್ ಬಾಟಲಿಯನ್ನು ಅವನ ಅಂಗೈಯಲ್ಲಿಟ್ಟು, “ಹಚ್ಕೊಳ್ಳಿ” ಎಂದು ಒಳಗೆ ಹೋದಳು.

ಗ್ಯಾರೇಜಿನ ಬಾಗಿಲು ಎಳೆದುಕೊಂಡು ಅವನು ಒಂದು ಗಂಟೆ ಕೆಲಸ ಮಾಡಿದ. ಹಳೆಯ ಬಣ್ಣ ಕೆರೆದ, ಸ್ಕ್ರೂ ತೆಗೆದ, ತನ್ನಲ್ಲಿ ಉಳಿದಿದ್ದ ಬೇರೆ ಸ್ಕ್ರೂಗಳನ್ನು ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ತೂಗಿ ಮೂರು ತೋಳಿಗೂ ಮೂರು ಮೂರು ಗ್ರಾಂ ಕೂರಿಸಿದ. ಒಟ್ಟು ಒಂಬತ್ತು. ಸರ್ ಹೇಳಿದ ಒಟ್ಟು ಹಾಗೇ ಉಳಿಯಿತಲ್ಲ ಎಂದು ಸಂತೋಷವೂ ಆಯಿತು, ಆ ಸಂತೋಷಕ್ಕೆ ನಾಚಿಕೆಯೂ ಆಯಿತು. ಪುಟ್ಟ ಬ್ರಷ್ಷಿನಿಂದ ಒಂದೊಂದಾಗಿ ಚುಕ್ಕೆ ಇಟ್ಟ. ಉಸಿರು ಬಿಗಿಹಿಡಿದು ಕಬ್ಬಿಣಕ್ಕೆ ಉಗುರುಬಣ್ಣ ಹಚ್ಚುತ್ತಿರುವ ತನ್ನನ್ನು ಬಾಗಿಲ ಗಾಜಿನಲ್ಲಿ ನೋಡಿ, ಇದು ಸುಳ್ಳಲ್ಲ, ಮರ್ಯಾದೆ ಅಷ್ಟೆ ಎಂದುಕೊಂಡ. ಗಾಢ ಕೆಂಪು ಒಣಗಿದ ಮೇಲೂ ಗಾಢವಾಗಿಯೇ ಇತ್ತು. ಊಟದ ಹೊತ್ತಿಗೆ ಆಫ್ರೀನ್ ತಟ್ಟೆಯಿಂದ ತಲೆಯೆತ್ತದೆ, “ಡಿಡ್ ಯು ಟೆಲ್ ಹಿಮ್?” ಎಂದಳು. ಮಸರತ್ ಸಾರು ಬಡಿಸುತ್ತಿದ್ದವಳು ನಿಂತಳು.

“ಹೇಳ್ದೆ. ಇಬ್ಬರೂ ಸೇರಿ ಸರಿ ಮಾಡಿದ್ವಿ.”

ಆಫ್ರೀನ್ ತಲೆಯೆತ್ತಿ ಅವನನ್ನು ನೋಡಿ ನಕ್ಕಳು. “ಪ್ರೌಡ್ ಆಫ್ ಯು, ಅಬ್ಬಾ” ಎಂದಳು. ಎರಡು ವರ್ಷದಿಂದ ಅವನು ಕಾಯುತ್ತಿದ್ದದ್ದು ಇಂಥದೊಂದು ಮಾತಿಗೇ. ಅದು ಬಂದಾಗ ಅವನು ತಟ್ಟೆಯನ್ನೇ ನೋಡುತ್ತ ಇನ್ನಷ್ಟು ಸಾರು ಕೇಳಿದ.

ಶನಿವಾರ ಎರಡು ಟ್ರೇಲರು, ಮೂರು ಕಾರು ಕಟ್ಟಿಕೊಂಡು, ಐದು ಗಂಟೆ ಉತ್ತರಕ್ಕೆ ಡ್ರೈವ್ ಮಾಡಿ, ಬಾಡಿಗೆಯ ಮರದ ಮನೆಯೊಂದನ್ನು ಸೇರಿದರು. ಅಜೀಮ್ ಭಾಯ್ ಅಂಗಡಿ ಬಿಟ್ಟು ಬರಲಿಲ್ಲ. ಬಂದವರು ಯೂನುಸನ ಮನೆಯ ಮೂವರು, ರಾಮ್, ಪಂಚಾಕ್ಷರಿ. ಭಾನುವಾರ ನಸುಕಿನ ಫಜ್ರ್ ನಮಾಜಿಗೆ ಎದ್ದ ಯೂನುಸ್ ಕಿಟಕಿಯಿಂದ ನೋಡಿದರೆ ಗಾಡಿಗಳನ್ನು ನಿಲ್ಲಿಸಿದ್ದ ಶೆಡ್ಡಿನಲ್ಲಿ ಟಾರ್ಚು ಅಲ್ಲಾಡುತ್ತಿತ್ತು. ಮಂಕಿಟೋಪಿ ಹಾಕಿಕೊಂಡ ಪಂಚಾಕ್ಷರಿ ಅವನ ಗಾಡಿಯ ಎಡಗಡೆಯ ಮುಚ್ಚಳ ತೆಗೆದು, ಮುಖ ಒಳಗಿಟ್ಟು, ಬಗ್ಗಿ ನಿಂತಿದ್ದರು. ಬಹಳ ಹೊತ್ತು ಹಾಗೇ ಇದ್ದರು. ಬಣ್ಣ ಗುರುತು ಹಿಡಿದರು, ಮುಗಿಯಿತು ತನ್ನ ಕಥೆ ಎಂದುಕೊಂಡ ಯೂನುಸ್. ನಮಾಜಿನಲ್ಲಿ ಎರಡು ಸಲ, ಬಾಗಿ ಏಳುವ ರಕಾತುಗಳ ಲೆಕ್ಕ ತಪ್ಪಿತು. ಅವರು ಒಳಗೆ ಬಂದು, ಕೈ ಉಜ್ಜಿಕೊಂಡು, “ಭಾಳ ಥಂಡಿ ಐತಲ್ಲೋ ಮಾರಾಯ” ಎಂದು ಮಸರತ್ ಕೊಟ್ಟ ಚಹಾ ಹಿಡಿದು ಕೂತರು. ಮತ್ತೇನೂ ಹೇಳಲಿಲ್ಲ. ಹಾಗಾದರೆ ಗೊತ್ತಾಗಿಲ್ಲ. ಎಪ್ಪತ್ತೊಂದರ ಕಣ್ಣು, ಕತ್ತಲೆ ಬೇರೆ. ಯೂನುಸನಿಗೆ ಮೊದಲು ನಿರಾಳವಾಯಿತು, ಆಮೇಲೆ, ಇಷ್ಟೂ ಗೊತ್ತಾಗದವರಿಗೆ ನಾನು ಇಷ್ಟು ಹೆದರಿದೆನಲ್ಲ ಎಂದು ಸಣ್ಣ ತಾತ್ಸಾರ ಹುಟ್ಟಿತು. ಆ ತಾತ್ಸಾರ ಹಿತವಾಗಿತ್ತು.

ಹತ್ತು ಗಂಟೆಗೆ ಆಫ್ರೀನ್ ಅವನ ಗಾಡಿ ಹತ್ತಿ ಬಯಲಿನ ತುದಿಯವರೆಗೆ ಹೋಗಿ ಬಂದಳು. ಎಂಜಿನ್ನು ಅರಚಲಿಲ್ಲ, ನಡುಗಲಿಲ್ಲ. ಮೀಟರಿನ ಮುಳ್ಳು ಎಂಟು ಸಾವಿರದ ಇನ್ನೂರಕ್ಕೆ ಹೋಗಿ ಅಲ್ಲೇ ನಿಂತಿತೆಂದು ಅವಳು ಹೆಬ್ಬೆರಳೆತ್ತಿದಳು. “ಸರ್, ಏನ್ ಫಾರ್ಮುಲಾ ಸರ್!” ಎಂದು ರಾಮ್ ಪಂಚಾಕ್ಷರಿಯವರ ಕೈ ಹಿಡಿದು ಕುಲುಕಿದ. “ನಾಲ್ಕು, ಮೂರು, ಎರಡು! ಯಾವ ಫೋರಮ್‌ನಲ್ಲೂ ಇಲ್ಲ ಸರ್ ಇದು. ನನ್ನ ಗಾಡಿಗೂ ಹಾಕ್ಬಿಡಿ, ಸೇಮ್.” ಯೂನುಸ್ ಪಂಚಾಕ್ಷರಿಯವರ ಮುಖ ನೋಡಿದ. ಅವರು ಹಿಗ್ಗಲಿಲ್ಲ, ದೂರದ ಪೈನ್ ಮರಗಳನ್ನು ನೋಡುತ್ತ, “ಹ್ಞೂಂ, ಹಾಕೂಣು” ಎಂದರು. ಸ್ಕ್ರೂಗಳ ಡಬ್ಬಿ ಹಿಡಿದುಕೊಂಡು ರಾಮ್‌ನ ಗಾಡಿಯ ಕಡೆ ಹೊರಟು, “ಯಾರೂ ಬರಬ್ಯಾಡ್ರಿ, ಬೆಳಕಿಗೆ ಅಡ್ಡ ಆಗತೈತಿ” ಎಂದರು. ಯೂನುಸ್ ಹಿಮದಲ್ಲಿ ಕಾಲು ಹೂತು ನಿಂತ. ತನ್ನ ವರದಿಯ ಕೊನೆಯ ಸಾಲು ಅಕ್ಷರ ಅಕ್ಷರವಾಗಿ ನೆನಪಾಯಿತು. ತಪ್ಪನ್ನೇ ಸರಿಯೆಂದು ನಂಬಿಸುತ್ತದೆ. ಈಗ ಹೇಳಬೇಕು, ಈ ಕ್ಷಣ. ರಾಮ್ ಹೇಗೂ ಜೋರಾಗಿ ಓಡಿಸುವುದಿಲ್ಲ, ಹೆದರುಪುಕ್ಕಲ, ನಿಧಾನಕ್ಕೆ ಹೋದರೆ ಏನೂ ಆಗುವುದಿಲ್ಲ, ರಾತ್ರಿ ತಾನೇ ಇನ್ನೊಂದು ಸಲ ಶೆಡ್ಡಿಗೆ ಹೋಗಿ ಆ ಗಾಡಿಯನ್ನೂ ಸರಿ ಮಾಡಿದರಾಯಿತು, ಬಾಟಲಿ ಜೇಬಿನಲ್ಲೇ ಇದೆ. ಹೀಗೆಯೇ ಎಷ್ಟು ಗಾಡಿ? ಬಳಗದವರು ಕೊಳ್ಳಲಿರುವ ಗಾಡಿಗಳೆಲ್ಲ ಅವನ ಕಣ್ಣ ಮುಂದೆ ಬಂದವು. ಒಂದೊಂದರ ಹಿಂದೆಯೂ ಉಗುರುಬಣ್ಣ ಹಿಡಿದು ಓಡುತ್ತಿರುವ ತಾನು. ಅಷ್ಟರಲ್ಲಿ ಪಂಚಾಕ್ಷರಿ ಕೆಲಸ ಮುಗಿಸಿ ಗಾಡಿಯ ಮುಚ್ಚಳ ಹಾಕಿದ್ದರು.

“ಆಫ್ರೀನ್ ಪುಟ್ಟ, ನೀನೇ ಒಂದ್ ರೌಂಡ್ ಹೊಡ್ದು ತೋರ್ಸು. ಫುಲ್ ಥ್ರಾಟಲ್!” ಎಂದ ರಾಮ್.

ಯೂನುಸ್ ತಿರುಗುವಷ್ಟರಲ್ಲಿ ಅವಳು ರಾಮ್‌ನ ಗಾಡಿಯ ಮೇಲಿದ್ದಳು. ಅವಳಿಗೇನು ಹೆದರಿಕೆ? ಅಬ್ಬಾ ಅಂಕಲ್‌ಗೆ ಹೇಳಿದ್ದಾರೆ, ಅಂಕಲ್‌ಗೆ ಗೊತ್ತಾಗಿದೆ. ಅವನು ಕೂಗಿದ. ಹೆಲ್ಮೆಟ್ಟಿನೊಳಗೆ ಅದು ಕೇಳಿಸಲಿಲ್ಲ. ಗಾಡಿ ಬಯಲಿನ ಅಂಚಿಗೆ ಹೋಗಿ, ತಿರುಗಿ, ಪೂರ್ತಿ ಓಟಕ್ಕೆ ಸಜ್ಜಾಗಿ ನಿಂತಿತು. ಅವನು ಓಡಿದ. ಗಟ್ಟಿ ದಾರಿ ಬಿಟ್ಟು ಅಡ್ಡ ಹಾಯ್ದದ್ದರಿಂದ ತೊಡೆಯವರೆಗೆ ಹೂತ, ಮುಗ್ಗರಿಸಿದ, ಎದ್ದ, ಒಂದು ಬೂಟು ಹಿಮದಲ್ಲೇ ಉಳಿಯಿತು. ಕೈ ಬೀಸುತ್ತ, ಒಂದು ಕಾಲ್ಚೀಲದಲ್ಲಿ ಗಾಡಿಯ ಮುಂದೆ ಹೋಗಿ ಬಿದ್ದ. ಎದ್ದವನೇ ಹ್ಯಾಂಡಲಿಗೆ ಸಿಕ್ಕಿಸಿದ್ದ, ಎಳೆದರೆ ಎಂಜಿನ್ನು ನಿಲ್ಲಿಸುವ ಕೆಂಪು ದಾರ ಕಿತ್ತ. ಎಂಜಿನ್ನು ಸತ್ತಿತು. ಬಯಲೆಲ್ಲ ಒಮ್ಮೆಗೇ ಮೌನವಾಯಿತು, ಎಲ್ಲರೂ ಅವನನ್ನು ನೋಡುತ್ತಿದ್ದರು. ಅವನ ಬಾಯಿಂದ ಮಾತು ಬಂತು, ಆದರೆ ಬಂದದ್ದು ಆಫೀಸಿನ ವರದಿಯ ಭಾಷೆಯಲ್ಲಿ.

“ಗುರುವಾರ ಸಂಜೆ ಮೂರು ತೋಳುಗಳಲ್ಲಿ ಅಸಮಾನ ತೂಕ ಅಳವಡಿಸಲಾಗಿತ್ತು. ಅದು ತಪ್ಪು. ಶುಕ್ರವಾರ, ಸಂಬಂಧಪಟ್ಟವರ ಗಮನಕ್ಕೆ ತರದೆ, ಅದನ್ನ ಸರಿಪಡಿಸಲಾಯಿತು. ಬಣ್ಣ ಮತ್ತೆ ಹಚ್ಚಲಾಯಿತು.” ಉಸಿರು ಎಳೆದುಕೊಂಡ. “ನಾನೇ ಮಾಡ್ದೆ. ಈ ಗಾಡೀನೂ ತಪ್ಪಿದೆ. ಸರ್‌ಗೆ ಗೊತ್ತಿಲ್ಲ. ನಾನು ಹೇಳಲಿಲ್ಲ.”

ಆಫ್ರೀನ್ ಹೆಲ್ಮೆಟ್ಟಿನ ಗಾಜು ಮೇಲೆತ್ತಿದಳು. “ಯು ಸೆಡ್ ಯು ಟೋಲ್ಡ್ ಹಿಮ್.” ಅಷ್ಟೇ. ಇಳಿದು ಎರಡು ಹೆಜ್ಜೆ ಹಿಂದೆ ನಿಂತಳು. ಓಡಿ ಬಂದ ರಾಮ್ ಎಡಗಡೆಯ ಮುಚ್ಚಳ ತೆಗೆದು ಫೋನಿನ ಬೆಳಕು ಬಿಟ್ಟು ಒಳಗೆ ಇಣುಕಿದ. ಒಂದು ತೋಳು ನೋಡಿದ, ಕೈಯಿಂದ ಕ್ಲಚ್ಚು ತಿರುಗಿಸಿ ಇನ್ನೊಂದು ನೋಡಿದ, ಮತ್ತೊಂದು ನೋಡಿದ. ಮೂರೂ ಸ್ಕ್ರೂ ಒಂದೇ ಅಳತೆ. ಮೂರು, ಮೂರು, ಮೂರು. “ಸರಿಯಾಗೇ ಇದೆಯಲ್ಲ ಯೂನುಸ್” ಎಂದ ರಾಮ್. ಆಮೇಲೆ ಅವನಿಗೆ ನಿಧಾನವಾಗಿ ಅರ್ಥವಾಯಿತು. “ಅಂದ್ರೆ, ಗುರುವಾರದ್ದು ತಪ್ಪೇನಾ? ಸರ್, ನಿಮ್ಗೆ ಗೊತ್ತಾಗಿ ಇದಕ್ಕೆ ಬೇರೆ ಹಾಕಿದ್ರಾ?” ಹಿಂದೆಯೇ ಬಂದಿದ್ದ ಪಂಚಾಕ್ಷರಿ ಡಬ್ಬಿಯನ್ನು ಹಿಮದ ಮೇಲಿಟ್ಟರು. ರಾಮ್ ಜೋರಾಗಿ ನಕ್ಕುಬಿಟ್ಟ, ಕೆಟ್ಟ ಮನಸ್ಸಿನಿಂದಲ್ಲ, ಮುಜುಗರ ತಡೆಯಲಾರದೆ. “ಬಿಡಿ ಸರ್, ನೀವು ಪರ್ಚೇಸ್‌ನಲ್ಲಿದ್ದವ್ರು. ನಿಮ್ಗೆ ಹೇಗ್ ಗೊತ್ತಾಗ್ಬೇಕು.”

ಇಷ್ಟು ವರ್ಷ ಯಾರೂ ಆಡದೆ ಇದ್ದದ್ದು ಹಾಗೆ ಬಯಲಿಗೆ ಬಂತು. ಪಂಚಾಕ್ಷರಿ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡು, “ಹೌದಪ್ಪ, ಪರ್ಚೇಸ್‌ನಾಗ ಇದ್ದೆ” ಎಂದು ಹೇಳಿ, ಡಬ್ಬಿ ಎತ್ತಿಕೊಂಡು, ಜಾರದ ಹಾಗೆ ಒಂದೊಂದೇ ಹೆಜ್ಜೆ ಇಡುತ್ತ ತಮ್ಮ ಕಾರಿನ ಕಡೆ ನಡೆದರು. ಮಸರತ್ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. ಹಿಮದಲ್ಲಿ ಹೂತಿದ್ದ ಬೂಟನ್ನು ಎತ್ತಿ ತಂದು, ಕೊಡವಿ, ಅವನ ಕಾಲ ಬಳಿ ಇಟ್ಟಳು.

ಯೂನುಸ್ ಒದ್ದೆ ಕಾಲ್ಚೀಲದ ಮೇಲೆ ಬೂಟು ಹಾಕಿಕೊಂಡು ಹೋಗಿ ಕಾರಿನ ಇನ್ನೊಂದು ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತ. ಹೀಟರು ಸದ್ದು ಮಾಡುತ್ತಿತ್ತು. ಸರ್ ಎಂದ. ಕ್ಷಮಿಸಿ ಎನ್ನಬೇಕೆಂದಿದ್ದವನು ಬಗ್ಗಿ ಬೂಟಿನ ದಾರ ಬಿಗಿದ. ಪಂಚಾಕ್ಷರಿ ಕೋಟಿನ ಜೇಬಿನಿಂದ ರಾಜಿಯವರ ಬಾಟಲಿ ತೆಗೆದು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರು. ಅದರ ಪಕ್ಕದಲ್ಲಿ ಒಂದು ಸಣ್ಣ ಪೊಟ್ಟಣ, ಅದರಲ್ಲಿ ಮೂರು ಗ್ರಾಮಿನ ಸ್ಕ್ರೂಗಳು.

“ಗುರುವಾರ ರಾತ್ರೀನೇ ಹೊಳೀತು ನನಗ, ತಪ್ಪಾತು ಅಂತ. ಫೋನ್ ಮಾಡಾಕ ನಾಚಿಕಿ ಬಂತು. ಕೂಸು ಕುಂಡ್ರೂ ಗಾಡಿ, ಯಾರೂ ಏಳೂಕಿಂತ ಮೊದ್ಲ ಸರಿ ಮಾಡಿಟ್ರಾತು ಅಂತ ಮುಂಜಾನೆ ಹೋದೆ. ನೋಡಿದ್ರ, ನೀ ಆಗಲೇ ಮಾಡಿದ್ದಿ.” ಅವರು ಬಾಟಲಿಯನ್ನು ಬೆರಳಿನಿಂದ ಚೂರು ಸರಿಸಿದರು. “ನಿನ್ನ ಬಣ್ಣ ಸ್ವಲ್ಪ ಗಾಢ ಆಗಿತ್ತಪಾ. ಹಗಲ ಬೆಳಕಿನಾಗ ರಾಮ್‌ಗ ಗೊತ್ತಾಗ್ತಿತ್ತು. ಅದಕ್ಕ ಅದರ ಮ್ಯಾಲ ನಮ್ಮಾಕಿ ಬಣ್ಣ ಇನ್ನೊಂದ್ ಸರ್ತಿ ಹಚ್ಚಿ ಬಂದೆ. ನೀ ಕೈ ಹಾಕಿದ್ದು ಯಾರಿಗೂ ಕಾಣಬಾರ್ದಲ್ಲ.”

ಯೂನುಸ್ ಗಾಜಿನಾಚೆ ನೋಡುತ್ತ ಕೂತ. ಬಯಲಿನಲ್ಲಿ ಆಫ್ರೀನ್ ರಾಮ್‌ನ ಗಾಡಿಗೆ ಕೆಂಪು ದಾರ ಮತ್ತೆ ಸಿಕ್ಕಿಸಿ, ಹೆಲ್ಮೆಟ್ಟಿನ ಗಾಜು ಇಳಿಸಿ, ಈ ಕಡೆಗೆ ಒಮ್ಮೆಯೂ ನೋಡದೆ ಎಂಜಿನ್ನು ಶುರು ಮಾಡಿದಳು. ಸದ್ದು ಏರಿತು, ಏರಿ ಒಂದು ಕಡೆ ನಡುಗದೆ ನಿಂತಿತು. ಪಂಚಾಕ್ಷರಿ ಹೀಟರು ಆರಿಸಿ, ಕಣ್ಣು ಮುಚ್ಚಿ, ತಲೆ ವಾಲಿಸಿ ಕೇಳಿದರು.

“ಎಂಟು ಸಾವಿರದ ಇನ್ನೂರು” ಎಂದರು. “ಸರಿ ಐತೇನೋ?”

“ಹೌದು ಸರ್” ಎಂದ ಯೂನುಸ್.